ಬಿಲ್ಲಿನ ಪಿಡಿಎಫ್ ನಮ್ಮಲ್ಲಿ ತೆರೆಯುತ್ತದೆ, ಗಿರಾಕಿಯ ಹತ್ತಿರ ಇಲ್ಲ. ಅನುಭವ ಇದ್ದವರು ಹೇಳಿ

ಹಂಪನಕಟ್ಟೆ ಪಂಪ್: ನಮ್ಮದು ಪಂಪ್ ಬಿಡಿಭಾಗಗಳ ಅಂಗಡಿ. ಬಿಲ್ಲಿಂಗ್ ಸಾಫ್ಟ್‌ವೇರಿನಿಂದಲೇ ಗಿರಾಕಿಗಳಿಗೆ ಮೇಲ್ ಹೋಗುತ್ತದೆ. ಎರಡು ವಾರದಿಂದ ‘ಫೈಲ್ ಹಾಳಾಗಿದೆ ಅಂತ ಬರುತ್ತದೆ’ ಎಂದು ಫೋನೋ ಫೋನು. ಎಲ್ಲರಿಂದಲೂ ಅಲ್ಲ, ಕೆಲವರಿಂದ. ನನ್ನ ಕಂಪ್ಯೂಟರಿನಲ್ಲಿ ಅದೇ ಫೈಲ್ ಚೆನ್ನಾಗಿಯೇ ಉಂಟು. ಯಾರಿಗಾದರೂ ಹೀಗಾಗಿದೆಯಾ?

ಬೈಕಂಪಾಡಿ ಲೇತ್: ಆಗಿದೆ ಮಾರಾಯ್ರೆ, ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಬಂದ ರಿಪೇರಿಯವನು ಹಾರ್ಡ್‌ಡಿಸ್ಕ್ ಹೋಗಿದೆ ಅಂದ. ಹೊಸದಕ್ಕೆ 4,200. ಎಲ್ಲ ಮತ್ತೆ ಕೂರಿಸಿದ್ದಕ್ಕೆ 1,500. ಆಮೇಲೂ ಅದೇ ಗೋಳು. ಇನ್ನೊಬ್ಬ ಬಂದು ರೂಟರ್ ಬದಲಾಯಿಸಿದ, 2,300. ಅವತ್ತು ಜಡಿಮಳೆ, ಅವನ ರಿಕ್ಷಾ ಬಾಡಿಗೆ 180 ಕೂಡ ನನ್ನ ತಲೆಗೇ. ಕೊನೆಗೆ ಡಿಪ್ಲೊಮಾ ಓದುವ ತಂಗಿಯ ಮಗ ಆ್ಯಂಟಿವೈರಸ್‌ನಲ್ಲಿ, ಹೊರಗೆ ಹೋಗುವ ಮೇಲ್ ಪರೀಕ್ಷೆ ಮಾಡುವ ಒಂದು ಟಿಕ್ ತೆಗೆದ. ಸರಿಯಾಯಿತು! ಒಟ್ಟು 8,180 ರೂಪಾಯಿ. ಅವನಿಗೆ ಕೊಡಿಸಿದ ಗಡ್‌ಬಡ್ ಐಸ್‌ಕ್ರೀಂ ಲೆಕ್ಕಕ್ಕೆ ಹಿಡಿದಿಲ್ಲ.

ಮಲ್ಪೆ ಬಲೆ: ಆ್ಯಂಟಿವೈರಸ್ ತೆಗೆಯಿರಿ ಅಂತ ಹೇಳಿಕೊಡುವುದಾ? ನಾಳೆ ವೈರಸ್ ಬಂದು ಲೆಕ್ಕವೆಲ್ಲ ಲಾಕ್ ಆದರೆ ನೀವು ಬಂದು ಬಿಡಿಸುತ್ತೀರಾ? ನಮ್ಮಲ್ಲಿ ಆದದ್ದೇ ಬೇರೆ. ಪಿಡಿಎಫ್ ಬದಲು ‘ವಿನ್‌ಮೇಲ್ ಡಾಟ್ ಡ್ಯಾಟ್’ ಅಂತ ಒಂದು ಫೈಲ್ ಹೋಗುತ್ತಿತ್ತು. ನಮ್ಮ ಮೇಲ್ ಹೋಗುವುದು ಔಟ್‌ಲುಕ್‌ನಿಂದ. ಅಲ್ಲಿ ಮೇಲ್‌ನ ಫಾರ್ಮ್ಯಾಟ್ ನಾನೇ ಯಾವಾಗಲೋ ರಿಚ್ ಟೆಕ್ಸ್ಟ್ ಮಾಡಿಟ್ಟಿದ್ದೆ. ಔಟ್‌ಲುಕ್ ಇದ್ದವರಿಗೆ ಎಲ್ಲ ಸರಿ ಕಾಣುತ್ತದೆ. ಉಳಿದವರಲ್ಲಿ ಎಷ್ಟೋ ಜನರಿಗೆ ಆ ಗಂಟು ಬಿಚ್ಚುವುದಿಲ್ಲ. ಎಚ್‌ಟಿಎಂಎಲ್‌ಗೆ ಬದಲಾಯಿಸಿದೆ, ಮುಗಿಯಿತು. ಐದು ಪೈಸೆ ಖರ್ಚಿಲ್ಲ, ಯಾರ ಕಾಲೂ ಹಿಡಿಯಲಿಲ್ಲ.

ಬೈಕಂಪಾಡಿ ಲೇತ್: ಆ್ಯಂಟಿವೈರಸ್ ತೆಗೆಯಿರಿ ಅಂದೆನಾ ನಾನು? ಒಂದು ಟಿಕ್ ಅಂದೆ. ಓದಿ ಮಾತಾಡಿ.

ಕಾರ್ಕಳ ಗೇರುಬೀಜ: ಸುಮ್ನೆ ವಾಟ್ಸ್‌ಆ್ಯಪ್ ಮಾಡಿ. ನಾನು ಮೇಲ್ ಬಿಟ್ಟು ಎರಡು ವರ್ಷ ಆಯಿತು.

ಬೈಕಂಪಾಡಿ ಲೇತ್: ದೊಡ್ಡ ಕಂಪನಿಗೆ ಮಾಲು ಕೊಟ್ಟು ನೋಡಿ, ಗೊತ್ತಾಗುತ್ತದೆ. ನನ್ನ ಗಿರಾಕಿಗೆ ಮೇಲ್‌ನಲ್ಲಿ ಬರದ ಬಿಲ್ಲು ಬಿಲ್ಲೇ ಅಲ್ಲ. ಫೈಲ್ ತೆರೆಯಲಿಲ್ಲ ಅಂತ ಒಂದು ತಿಂಗಳು ಹಣ ನಿಲ್ಲಿಸಿದರು. ಸಣ್ಣ ಉದ್ಯಮದವರಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನು ಉಂಟಲ್ವಾ ಅಂದರೆ, ಬಿಲ್ಲು ಕೈಗೆ ಸಿಕ್ಕಿದ ದಿನದಿಂದ ಎಣಿಸಿ ಅಂದರು.

ಕಾರ್ಕಳ ಗೇರುಬೀಜ: ನೀವು ತಲೆ ಆಡಿಸಿ ಬಂದಿರಿ! ಲೆಕ್ಕ ಮಾಲು ಒಪ್ಪಿಕೊಂಡ ದಿನದಿಂದ. ಬರಹದಲ್ಲಿ ಕರಾರು ಇಲ್ಲದಿದ್ದರೆ 45 ಕೂಡ ಅಲ್ಲ, 15 ದಿನ.

ಮಲ್ಪೆ ಬಲೆ: ಅದೆಲ್ಲ ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ನಮ್ಮಂಥ ಮಾರುವವರಿಗೆ ಸಣ್ಣ ಉದ್ಯಮ ಅಂತ ನೋಂದಾಯಿಸಿದ ಉದ್ಯಮ್ ಸರ್ಟಿಫಿಕೇಟ್ ಇದ್ದರೂ ಬ್ಯಾಂಕ್ ಸಾಲಕ್ಕೆ ಮಾತ್ರ ಉಪಯೋಗ. ಪಂಪ್‌ನವರೂ ಆಸೆ ಇಟ್ಟುಕೊಳ್ಳಬೇಡಿ.

ಉಡುಪಿ ಪ್ರೆಸ್: ಹಣದ ಮಾತು ಸಾಕು. ನನ್ನ ಗಿರಾಕಿಯೂ ಫೈಲ್ ಹಾಳಾಗಿದೆ ಅಂತ ಜಗಳಕ್ಕೆ ಬಂದಿದ್ದರು. ನೋಡಿದರೆ ಹಳೆಯ ‘ನುಡಿ’ ಸಾಫ್ಟ್‌ವೇರಿನ ಅಕ್ಷರ, ಪಿಡಿಎಫ್ ಮಾಡುವಾಗ ಫಾಂಟ್ ಒಳಗೆ ಸೇರಿಸಿರಲಿಲ್ಲ. ಅವರಿಗೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. 500 ಆಮಂತ್ರಣ ಪತ್ರಿಕೆ ಹಾಗೇ ಅಚ್ಚಾಗಿ ಹೋಯಿತು, ಕಾಗದ ನನ್ನದೇ.

ಕಾರ್ಕಳ ಗೇರುಬೀಜ: ಈ ಕಾಲದಲ್ಲೂ, ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಯೂನಿಕೋಡ್ ಬಳಸದಿದ್ದರೆ ಹಾಗೇ ಆಗಬೇಕು.

ಉಡುಪಿ ಪ್ರೆಸ್: ಇಪ್ಪತ್ತು ವರ್ಷದ ಫೈಲುಗಳನ್ನು ನೀವು ಬಂದು ಬದಲಾಯಿಸಿ ಕೊಡಿ ಹಾಗಾದರೆ.

ಮಣಿಪಾಲ ಲೆಕ್ಕ: ಪಂಪ್‌ನವರೇ, ನಿಮ್ಮ ಫೋಲ್ಡರಿನ ಫೈಲ್ ಬಿಟ್ಟುಬಿಡಿ. ಗಿರಾಕಿಗೆ ಹೋದ ಪ್ರತಿಯನ್ನೇ ವಾಪಸ್ ತರಿಸಿ. ಎರಡರ ಗಾತ್ರ ಎಷ್ಟು ಕೆಬಿ ಅಂತ ಹೋಲಿಸಿ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಶುರುವಿಗೆ ಶೇಕಡಾ ಚಿಹ್ನೆ ಹಾಕಿ ಪಿಡಿಎಫ್ ಅಂತ, ಕೊನೆಗೆ ಎರಡು ಶೇಕಡಾ ಚಿಹ್ನೆ ಹಾಕಿ ಇಒಎಫ್ ಅಂತ ಇಂಗ್ಲಿಷ್‌ನಲ್ಲಿ ಇರಬೇಕು. ಕೊನೆಯದು ಇಲ್ಲ ಅಂದರೆ ಫೈಲ್ ಅರ್ಧಕ್ಕೇ ತುಂಡಾಗಿದೆ. ನಮ್ಮ ಆಫೀಸಿನಲ್ಲಿ ಸಾಫ್ಟ್‌ವೇರ್ ಪಿಡಿಎಫ್ ಬರೆದು ಮುಗಿಸುವ ಮೊದಲೇ ಮೇಲ್‌ಗೆ ಅಂಟಿಸುತ್ತಿತ್ತು. ಇದನ್ನು ಹಿಡಿಯಲು ಮಾರ್ಚ್ ತಿಂಗಳ ಮೂರು ರಾತ್ರಿ ಹೋಯಿತು.

ಹಂಪನಕಟ್ಟೆ ಪಂಪ್: ತರಿಸಿ ನೋಡಿದೆ. ನನ್ನದು 212 ಕೆಬಿ, ಅವರದು 96. ಕೊನೆಯ ಸಾಲು ಇಲ್ಲವೇ ಇಲ್ಲ. ಐಟಂ ಜಾಸ್ತಿ ಇರುವ ಬಿಲ್ಲುಗಳೇ ಹಾಳಾದದ್ದು. ಸದ್ಯ ಮೊದಲು ಸೇವ್ ಮಾಡಿ, ಆಮೇಲೆ ಕೈಯಾರೆ ಅಂಟಿಸಿ ಕಳಿಸುತ್ತಿದ್ದೇನೆ. ಎಲ್ಲರಲ್ಲೂ ತೆರೆಯಿತು.

ಬೈಕಂಪಾಡಿ ಲೇತ್: ಅದಿರಲಿ, ಆ ಟಿಕ್ ತೆಗೆದಿರಾ ಇಲ್ವಾ?