ಜೋಸೆಫ್‌ಸನ್ ಜಂಕ್ಷನ್: ‘ಸಂಧಿ’ಯೋ ‘ಸಂದೋ’?

ಮಾನ್ಯರೆ,

ಅಧಿಕ ತಾಪದ ಅತಿವಾಹಕಗಳ (ಮಿಕ್ಕ ಅತಿವಾಹಕಗಳಷ್ಟು ತಣ್ಣಗಾಗದೆಯೂ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ವಸ್ತುಗಳ) ತೆಳುಪದರಗಳಲ್ಲಿ ಜೋಸೆಫ್‌ಸನ್ ಜಂಕ್ಷನ್‌ಗಳನ್ನು ರಚಿಸುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಬಗೆಯ ಅರೆವಾಹಕಗಳು ಕೂಡುವ ಪಿ-ಎನ್ ಜಂಕ್ಷನ್‌ಗೆ ‘ಸಂಧಿ’ ಎಂಬ ಪದ ರೂಢಿಯಲ್ಲಿರುವುದರಿಂದ ಇಲ್ಲಿಯೂ ಅದನ್ನೇ ಬಳಸಿದೆ. ಆದರೆ ಬರೆದುದನ್ನು ಓದಿಕೊಂಡಾಗ ಅರ್ಥವೇ ತಿರುಗಾಮುರುಗಾ ಆದಂತೆ ತೋರಿತು.

ಅಕ್ಷರಗಳು ಕಾಲವಿಳಂಬವಿಲ್ಲದೆ ಕೂಡುವುದು ವ್ಯಾಕರಣದ ಸಂಧಿ. ಭೌತವಿಜ್ಞಾನಿ ಜೋಸೆಫ್‌ಸನ್ 1962ರಲ್ಲಿ ಲೆಕ್ಕಹಾಕಿ ತೋರಿಸಿದ ರಚನೆಯಲ್ಲಾದರೋ ಎರಡು ಅತಿವಾಹಕಗಳ ನಡುವೆ ತೆಳುವಾದೊಂದು ತಡೆ ಇರಲೇಬೇಕು. ಆ ತಡೆಯನ್ನು ಎಲೆಕ್ಟ್ರಾನ್ ಜೋಡಿಗಳು ವೋಲ್ಟೇಜಿನ ನೆರವಿಲ್ಲದೆ ದಾಟುವುದೇ ಅದರ ವಿಶೇಷ. ಪೂರ್ತಿ ಕೂಡಿಬಿಟ್ಟರೆ ಜಂಕ್ಷನ್ನೇ ಉಳಿಯದು.

ಸುಮಾರು 92 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡಿನಲ್ಲಿ ಈ ತೊಡಕು ಇನ್ನೂ ಎದ್ದು ಕಾಣುತ್ತದೆ. ಅದರಲ್ಲಿ ಜೋಡಿಗಳ ಹರವು ಒಂದೆರಡು ನ್ಯಾನೋಮೀಟರಿನಷ್ಟೇ ಆದ್ದರಿಂದ, ಹರಳುಗಳು ಒಂದಕ್ಕೊಂದು ಓರೆಯಾಗಿ ಕುಳಿತ ಗಡಿಯೇ ತಡೆಯಂತೆ ವರ್ತಿಸುತ್ತದೆ. ಇದನ್ನೇ ಉಪಾಯವಾಗಿಸಿಕೊಂಡು, ಕೋನ ತಪ್ಪಿಸಿ ಬೆಸೆದ ಎರಡು ಸ್ಟ್ರಾಂಷಿಯಂ ಟೈಟನೇಟ್ ಹರಳುಗಳ ಮೇಲೆ ಪದರವನ್ನು ಬೆಳೆಸುತ್ತಾರೆ. ತಳದ ಬೆಸುಗೆಯ ನೇರಕ್ಕೆ ಮೇಲಿನ ಪದರದಲ್ಲಿ ಅಂಥದೊಂದು ಗಡಿ ಮೂಡುತ್ತದೆ. ಕೆಳಗೆ ಕೂಡಿಸಿದ್ದು ಮೇಲೆ ಅಗಲಿಸುತ್ತದೆ ಎನ್ನಬಹುದು. ಹೀಲಿಯಂ ಅಯಾನುಗಳ ಸೂಕ್ಷ್ಮ ಕಿರಣದ ವಿಧಾನದಲ್ಲಂತೂ ಕೂಡಿಸುವ ಮಾತೇ ಇಲ್ಲ: ಅಖಂಡವಾದ ಪದರದ ಮೇಲೆ ಕಿರಣವನ್ನು ಒಂದು ಗೆರೆಯಂತೆ ಹಾಯಿಸಿ, ಅಷ್ಟು ಭಾಗದ ಅತಿವಾಹಕತೆಯನ್ನು ಕೆಡಿಸುತ್ತಾರೆ. ಇದನ್ನು ‘ಸಂಧಿ ಮಾಡುವುದು’ ಎಂದರೆ ಓದುಗರು ರಾಜಿಪಂಚಾಯಿತಿ ಎಂದುಕೊಂಡಾರು.

ಆದ್ದರಿಂದ ‘ಸಂದು’ ಎಂಬ ಪದ ಮನಸ್ಸಿಗೆ ಬಂದಿದೆ. ‘ಬಾಗಿಲ ಸಂದು’ ಎಂದಾಗ ಅದು ಬಿರುಕು, ‘ಸಂದುನೋವು’ ಎಂದಾಗ ಮೂಳೆಗಳು ಕೂಡುವ ಕೀಲು. ಅಗಲಿಕೆ, ಕೂಡಿಕೆ ಎರಡನ್ನೂ ಹೇಳುವ ಈ ಪದ, ಬೇರ್ಪಡಿಸುತ್ತಲೇ ಬೆಸೆಯುವ ಈ ರಚನೆಗೆ ‘ಸಂಧಿ’ಗಿಂತ ಚೆನ್ನಾಗಿ ಒಪ್ಪುತ್ತದೆಂದು ನನ್ನ ಅನಿಸಿಕೆ. ‘ಬೆಸುಗೆ’ಯನ್ನು ನಾನು ಒಪ್ಪಲಾರೆ, ಅದು ಅಕ್ಕಸಾಲಿಗರ ಗಟ್ಟಿ ಜೋಡಣೆಯನ್ನೇ ನೆನಪಿಸುತ್ತದೆ.

ಆದರೆ ‘ಸಲ್ಲು’ ಧಾತುವಿನ ‘ಸಂದು’ ಎಂಬ ಕ್ರಿಯಾರೂಪವೂ ಇರುವುದರಿಂದ ಉದ್ದದ ವಾಕ್ಯಗಳಲ್ಲಿ ಗೊಂದಲವಾದೀತೆ? ಪಿ-ಎನ್ ಜಂಕ್ಷನ್‌ಗೆ ‘ಸಂಧಿ’ಯನ್ನು ಉಳಿಸಿಕೊಂಡು, ಅತಿವಾಹಕಗಳಿಗಷ್ಟೇ ‘ಸಂದು’ ಎನ್ನುವುದು ಸರಿಯೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.