ಶಿಕ್ಷೆಯ ಉದ್ದೇಶ: ತಕ್ಕ ಶಾಸ್ತಿಯನ್ನೂ ಕ್ಷಮೆಯನ್ನೂ ಒಟ್ಟಿಗೆ ವಿವರಿಸುವುದು ಹೇಗೆ?

ಸಂಜೆಪಾಠ
ಹಿರಿಯ ವಿದ್ಯಾರ್ಥಿಗಳಿಗಾಗಿ ಒಂದು ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಶಿಕ್ಷೆಯ ಉದ್ದೇಶಗಳ ಪಟ್ಟಿ ಆಗಿದೆ: ತಕ್ಕ ಶಾಸ್ತಿ, ಹೆದರಿಸಿ ತಡೆಯುವುದು, ಸಮಾಜದ ರಕ್ಷಣೆ, ಅಪರಾಧಿಯ ಸುಧಾರಣೆ, ನಷ್ಟ ತುಂಬಿಕೊಡುವುದು. ಪ್ರತಿಯೊಂದರ ಎದುರು 'ಕ್ರೈಸ್ತರ ನಿಲುವು' ಎಂಬ ಖಾನೆ ಇಟ್ಟಿದ್ದೇನೆ. ಅದನ್ನು ತುಂಬುವಾಗಲೇ ತೊಡಕು. ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ 12:19 ಮುಯ್ಯಿ ತೀರಿಸಬೇಡಿ ಎನ್ನುತ್ತದೆ, ಅದರ ಬೆನ್ನಿಗೇ 13:4 ಅಧಿಕಾರಿಯ ಕೈಗೆ ಕತ್ತಿ ಕೊಡುತ್ತದೆ. ಹಾಗಾದರೆ ತಕ್ಕ ಶಾಸ್ತಿ ಎಂಬುದು ಸೇಡಿಗೆ ತೊಡಿಸಿದ ಒಳ್ಳೆಯ ಬಟ್ಟೆ ಅಷ್ಟೆಯೇ? ಸುಧಾರಣೆಯೊಂದೇ ಕ್ರೈಸ್ತರಿಗೆ ಒಪ್ಪಿಗೆ ಎಂದು ಬರೆದರೆ ಸರಿಯಾದೀತೆ? ಕ್ಷಮಿಸಿದ ಮೇಲೆ ಶಿಕ್ಷೆ ಇರಬೇಕೆ?

ಹಳೆಒಡಂಬಡಿಕೆ
ಮೊದಲು ಆ ಖಾನೆಯ ಹೆಸರನ್ನು 'ಕ್ರೈಸ್ತರ ನಿಲುವುಗಳು' ಎಂದು ಬದಲಿಸಿ. ಒಂದೇ ನಿಲುವು ಎಂಬುದು ಇಲ್ಲ.

ನೀವು ಹೇಳಿದ ಎರಡು ವಚನಗಳಲ್ಲಿ ಮಾತು ಬೇರೆ ಬೇರೆಯವರ ಬಗ್ಗೆ. 12ನೇ ಅಧ್ಯಾಯದ್ದು ಅನ್ಯಾಯಕ್ಕೊಳಗಾದ ವ್ಯಕ್ತಿಗೆ ಹೇಳಿದ್ದು, 13ನೇ ಅಧ್ಯಾಯದ್ದು ಅಧಿಕಾರದ ಸ್ಥಾನದ ಕುರಿತು ಹೇಳಿದ್ದು. ಸೇಡನ್ನು ನೊಂದವನು ತಾನೇ ಅಳೆದು ತೀರಿಸಿಕೊಳ್ಳುತ್ತಾನೆ, ಅದಕ್ಕೆ ಮಿತಿ ಇರುವುದಿಲ್ಲ. ತಕ್ಕ ಶಾಸ್ತಿಯನ್ನು ಪ್ರಕರಣದಲ್ಲಿ ಪಾಲಿಲ್ಲದ ಮೂರನೆಯವರು ಅಪರಾಧದ ತೂಕ ನೋಡಿ ವಿಧಿಸುತ್ತಾರೆ. 'ಕಣ್ಣಿಗೆ ಕಣ್ಣು' (ವಿಮೋಚನಕಾಂಡ 21:24) ಕ್ರೌರ್ಯದ ಘೋಷಣೆಯಂತೆ ಕೇಳುತ್ತದೆ, ಆದರೆ ಆದಿಕಾಂಡ 4:24ರಲ್ಲಿ ಲೆಮೆಕನು ಎಪ್ಪತ್ತೇಳರಷ್ಟು ಮುಯ್ಯಿ ಎಂದು ಜಂಬ ಕೊಚ್ಚುವುದನ್ನು ಪಕ್ಕದಲ್ಲಿಟ್ಟು ಓದಿದರೆ ಅದು ಮೇಲ್ಮಿತಿ ಎಂದು ತಿಳಿಯುತ್ತದೆ: ಒಂದು ಕಣ್ಣಿಗೆ ಒಂದೇ ಕಣ್ಣು, ಹೆಚ್ಚಿಲ್ಲ. ಧರ್ಮೋಪದೇಶಕಾಂಡ 25:3 ಏಟುಗಳನ್ನು ನಲವತ್ತಕ್ಕೆ ನಿಲ್ಲಿಸುತ್ತದೆ. ಎಣಿಕೆ ತಪ್ಪಿ ಒಂದು ಹೆಚ್ಚಾಗದಿರಲಿ ಎಂದು ಆಮೇಲೆ ಮೂವತ್ತೊಂಬತ್ತಕ್ಕೇ ನಿಲ್ಲಿಸುವ ರೂಢಿ ಬಂತು. ಪೌಲನು ಐದು ಸಲ ತಿಂದದ್ದು ಆ ಮೂವತ್ತೊಂಬತ್ತು (2 ಕೊರಿಂಥ 11:24).

ಇನ್ನು ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡು ಎಂಬ ಮತ್ತಾಯ 5:39ರ ಮಾತು. ಅದು ನ್ಯಾಯಾಧೀಶನನ್ನೂ ಕಟ್ಟಿಹಾಕುತ್ತದೆಯೇ ಎಂಬಲ್ಲಿ ಕ್ರೈಸ್ತ ಸಭೆಗಳು ಬೇರೆಯಾಗುತ್ತವೆ. ಕತ್ತಿ ಹಿಡಿಯುವ ಕೆಲಸವೇ ಕ್ರಿಸ್ತನ ಶಿಷ್ಯನದಲ್ಲ ಎಂಬುದು ಅಹಿಂಸೆಯನ್ನು ಪಾಲಿಸುವ ಮೆನೊನೈಟ್ ಪಂಥದವರ ಪರಂಪರೆ. ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ 1523ರಲ್ಲಿ ಬೇರೆ ದಾರಿ ಹಿಡಿದರು: ತನಗಾದ ಅನ್ಯಾಯವನ್ನು ಕ್ರೈಸ್ತನು ಸಹಿಸಲಿ, ಆದರೆ ನೆರೆಯವನನ್ನು ಕಾಯಲು ಅಧಿಕಾರದ ಕತ್ತಿ ಹಿಡಿಯಬಹುದು.

ತೂಕದಕಲ್ಲು
ಸುಧಾರಣೆಯೊಂದೇ ಸಾಕು ಎಂದು ದಯವಿಟ್ಟು ಬರೆಯಬೇಡಿ. ಆ ಉದ್ದೇಶವನ್ನು ಒಂಟಿಯಾಗಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಪುರಾವೆ ಇದೆ. ಕ್ವೇಕರರೆಂಬ ಕ್ರೈಸ್ತ ಪಂಥದವರ ಪ್ರಭಾವದಿಂದ ರೂಪುಗೊಂಡ, ಅಮೆರಿಕದ ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಸೆರೆಮನೆ 1829ರಲ್ಲಿ ತೆರೆಯಿತು. ಕೋಣೆಗೊಬ್ಬ ಕೈದಿ, ಜೊತೆಗೆ ಬೈಬಲ್, ಕೋಣೆಯೊಳಗೇ ಮಾಡುವ ಕೈಕೆಲಸ. ಹೊರಗೆ ಕರೆದೊಯ್ಯುವಾಗ ಯಾರ ಮುಖವೂ ಕಾಣದಂತೆ ತಲೆಗೆ ಮುಸುಕು. ಮೌನದಲ್ಲಿ ಮನಸ್ಸಾಕ್ಷಿ ಎಚ್ಚರಗೊಂಡು ಪಶ್ಚಾತ್ತಾಪ ಹುಟ್ಟುತ್ತದೆ ಎಂಬುದು ಲೆಕ್ಕಾಚಾರ. ಎಷ್ಟೋ ಮಂದಿಯ ಮನಸ್ಸಿನ ಸ್ಥಿಮಿತವೇ ಹೋಯಿತು. ಅಲ್ಲಿ ಆ ಪದ್ಧತಿಯನ್ನು ಅಧಿಕೃತವಾಗಿ ಕೈಬಿಟ್ಟದ್ದು 1913ರಲ್ಲಿ. ಕ್ರೌರ್ಯದ ಉದ್ದೇಶ ಯಾರಿಗೂ ಇರಲಿಲ್ಲ ಎಂಬುದೇ ಇದರಲ್ಲಿ ಭಯ ಹುಟ್ಟಿಸುವ ಸಂಗತಿ.

ಇನ್ನೊಂದು ದೋಷ ಅವಧಿಯದು. 'ಸರಿಹೋಗುವ ತನಕ' ಎಂಬ ಶಿಕ್ಷೆಗೆ ಕೊನೆಯ ದಿನಾಂಕವಿಲ್ಲ. ಸಣ್ಣ ಕಳ್ಳತನ ಮಾಡಿದವನು ಹಟಮಾರಿಯಾದರೆ ಹತ್ತು ವರ್ಷ ಒಳಗಿರಬಹುದು. ಕ್ರೈಸ್ತ ಲೇಖಕ ಸಿ.ಎಸ್. ಲೂಯಿಸ್ 1949ರಲ್ಲಿ ತಕರಾರು ಎತ್ತಿದ್ದು ಇದಕ್ಕೇ: ಅರ್ಹತೆಯ ಪ್ರಶ್ನೆಯನ್ನು ತೆಗೆದುಹಾಕಿದರೆ ನ್ಯಾಯದ ಪ್ರಶ್ನೆಯೂ ಹೋಗುತ್ತದೆ.

ಹೆದರಿಸಿ ತಡೆಯುವುದಕ್ಕೂ ವಚನವಿದೆ: 'ಜನರೆಲ್ಲರೂ ಕೇಳಿ ಭಯಪಡುವರು' (ಧರ್ಮೋಪದೇಶಕಾಂಡ 17:13). ಆದರೆ ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ತೋರಿಸಿದಂತೆ, ಅಪರಾಧವನ್ನು ತಡೆಯುವುದು ಶಿಕ್ಷೆಯ ಕಠೋರತೆಗಿಂತ ಹೆಚ್ಚಾಗಿ ಸಿಕ್ಕಿಬೀಳುವ ಖಾತ್ರಿ. ಜೊತೆಗೆ, ಭಯವೊಂದೇ ಗುರಿಯಾದರೆ ಶಿಕ್ಷೆಗೊಳಗಾದವನು ನಿಜಕ್ಕೂ ತಪ್ಪಿತಸ್ಥನಾಗಿರಬೇಕು ಎಂಬ ಅಗತ್ಯವೇ ಇಲ್ಲ. ಜನ ಹಾಗೆಂದು ನಂಬಿದರೆ ಸಾಕು. ದೇವರ ಸ್ವರೂಪದಲ್ಲಿ ಸೃಷ್ಟಿಯಾದ ಮನುಷ್ಯನನ್ನು ಬರೀ ಎಚ್ಚರಿಕೆಯ ಫಲಕವಾಗಿ ಬಳಸಬಾರದು ಎಂಬ ಕ್ರೈಸ್ತ ಆಕ್ಷೇಪ ಇಲ್ಲಿ ಬರುತ್ತದೆ.

ನನ್ನ ಸಲಹೆ: ಶಿಕ್ಷೆಯ ಗರಿಷ್ಠ ಮಿತಿಯನ್ನು ತಕ್ಕ ಶಾಸ್ತಿ ಗೊತ್ತುಮಾಡುತ್ತದೆ, ಉಳಿದ ಉದ್ದೇಶಗಳು ಆ ಮಿತಿಯೊಳಗೆ ಕೆಲಸ ಮಾಡುತ್ತವೆ ಎಂದು ಬರೆಯಿರಿ. 'ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ' ಎಂಬ ಯೆಹೆಜ್ಕೇಲ 33:11ಕ್ಕೂ ಹೀಗೆ ಜಾಗ ಸಿಗುತ್ತದೆ.

ಸಾಕ್ಷಿಇಬ್ಬರು
ಮರಣದಂಡನೆಯನ್ನು ಪ್ರತ್ಯೇಕ ಪುಟದಲ್ಲಿ ಇಡಿ. ಎಲ್ಲ ಕ್ರೈಸ್ತರೂ ಅದನ್ನು ವಿರೋಧಿಸುತ್ತಾರೆ ಎಂದು ಬರೆದರೆ ತಪ್ಪಾಗುತ್ತದೆ. ಮನುಷ್ಯನ ರಕ್ತ ಸುರಿಸಿದವನ ರಕ್ತವೂ ಮನುಷ್ಯನಿಂದಲೇ ಸುರಿಯಲಿ ಎಂಬ ಆದಿಕಾಂಡ 9:6ನ್ನು ಮುಂದಿಟ್ಟು ಬೆಂಬಲಿಸುವವರಿದ್ದಾರೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 2000ದಲ್ಲಿ ಬೆಂಬಲದ ನಿರ್ಣಯವನ್ನೇ ಅಂಗೀಕರಿಸಿತು. ಕಥೋಲಿಕ ಬೋಧನೆ ಹಂತಹಂತವಾಗಿ ಬದಲಾಗಿದೆ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಅದು ಅನಿವಾರ್ಯವಾಗುವ ಸಂದರ್ಭಗಳು ಇಲ್ಲವೆನ್ನುವಷ್ಟು ವಿರಳ ಎಂದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕ ಬೋಧನೆಯ ಅಧಿಕೃತ ಗ್ರಂಥವಾದ ಕ್ಯಾಟೆಕಿಸಂನ 2267ನೇ ಪರಿಚ್ಛೇದವನ್ನು ತಿದ್ದಿಸಿ, ಮರಣದಂಡನೆಯನ್ನು ಒಪ್ಪಲಾಗದು ಎಂದು ಸೇರಿಸಿದರು.

ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಕಲ್ಲೆಸೆದು ಕೊಲ್ಲಬೇಕೆಂದವರಿಗೆ, ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಎಂದು ಯೇಸು ಹೇಳಿದ ಪ್ರಸಂಗವನ್ನು (ಯೋಹಾನ 8:1-11) ಎಚ್ಚರದಿಂದ ಬಳಸಿ. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಆ ಭಾಗವೇ ಇಲ್ಲ. ಅದಲ್ಲದೆ ಯಾಜಕಕಾಂಡ 20:10ರ ಪ್ರಕಾರ ಇಬ್ಬರಿಗೂ ಶಿಕ್ಷೆ. ಎಳೆದು ತಂದದ್ದು ಹೆಂಗಸನ್ನು ಮಾತ್ರ. ಮೊದಲ ಕಲ್ಲು ಸಾಕ್ಷಿಗಳೇ ಎಸೆಯಬೇಕೆಂಬುದೂ ಕಾನೂನೇ (ಧರ್ಮೋಪದೇಶಕಾಂಡ 17:7). ಶಿಕ್ಷೆಯೇ ಬೇಡ ಎಂಬ ವಾದಕ್ಕಿಂತ, ವಿಚಾರಣೆ ನ್ಯಾಯವಾಗಿರಲಿ ಎಂಬ ವಾದಕ್ಕೆ ಆ ಪ್ರಸಂಗ ಹೆಚ್ಚು ಒದಗುತ್ತದೆ.

ಮಧ್ಯಸ್ಥ
ಕ್ಷಮೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕ್ಷಮೆ ಕೊಡುವುದು ನೊಂದವರ ಹಕ್ಕು, ಶಿಕ್ಷೆ ವಿಧಿಸುವುದು ನ್ಯಾಯಾಲಯದ ಕೆಲಸ. ಒಂದು ನಡೆದರೆ ಇನ್ನೊಂದು ತಾನಾಗಿ ರದ್ದಾಗುವುದಿಲ್ಲ. ಸುಂಕ ವಸೂಲಿಗಾರ ಜಕ್ಕಾಯನಿಗೆ ಯೇಸುವಿನಿಂದ ಸ್ವೀಕಾರ ಸಿಕ್ಕಿತು, ಹಾಗಿದ್ದೂ ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ (ಲೂಕ 19:8). ಕದ್ದ ಕುರಿಗೆ ನಾಲ್ಕು, ಎತ್ತಿಗೆ ಐದು ಎಂಬ ಹಳೆಯ ಲೆಕ್ಕ (ವಿಮೋಚನಕಾಂಡ 22:1) ಅವನಿಗೆ ಗೊತ್ತಿತ್ತೆಂದು ಕಾಣುತ್ತದೆ.

ಹೀಗೆ ನಷ್ಟ ತುಂಬಿಕೊಡುವುದರ ಈಗಿನ ರೂಪ ಬೇಕಿದ್ದರೆ ಕೆನಡಾದ ಎಲ್ಮೈರಾ, 1974. ಇಬ್ಬರು ಯುವಕರು ಒಂದೇ ರಾತ್ರಿ 22 ಕಡೆ ಆಸ್ತಿ ಹಾಳು ಮಾಡಿದ್ದರು. ಮೆನೊನೈಟ್ ಪ್ರೊಬೇಷನ್ ಅಧಿಕಾರಿಯ ಸಲಹೆಯಂತೆ ನ್ಯಾಯಾಧೀಶರು ಅವರನ್ನು ನೊಂದವರ ಮನೆಬಾಗಿಲಿಗೇ ಕಳಿಸಿದರು, ನಷ್ಟ ತುಂಬಿಕೊಡಲು ಹೇಳಿದರು.

ಇಂಥ ಭೇಟಿಗೆ ಕ್ರಮವಿದೆ. ಅಪರಾಧಿ ಮೊದಲು ತಪ್ಪು ಒಪ್ಪಿಕೊಂಡಿರಬೇಕು. ನಿರಾಕರಿಸುತ್ತಿರುವವನನ್ನು ಕೂರಿಸಿದರೆ ನೊಂದವರಿಗೆ ಎರಡನೇ ಪೆಟ್ಟು. ಮಧ್ಯಸ್ಥರು ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡು ಸಿದ್ಧಪಡಿಸಬೇಕು. ಯಾವ ಹಂತದಲ್ಲಿ ಬೇಕಾದರೂ ಎದ್ದುಹೋಗುವ ಸ್ವಾತಂತ್ರ್ಯ ನೊಂದವರಿಗಿರಬೇಕು. ಕೊನೆಗೆ ಲಿಖಿತ ಒಪ್ಪಂದ: ಎಷ್ಟು ಮೊತ್ತ ಅಥವಾ ಎಷ್ಟು ಗಂಟೆ ಕೆಲಸ, ಎಷ್ಟು ಕಂತು, ಕೊನೆಯ ದಿನ ಯಾವುದು, ನೋಡಿಕೊಳ್ಳುವವರು ಯಾರು. ಸಾಮಾನ್ಯವಾಗಿ ಕೆಡುವುದು ಈ ಕೊನೆಯ ಅಂಶದಲ್ಲಿ. ಕೈಕುಲುಕಿದ ಮೇಲೆ ಯಾರೂ ವಿಚಾರಿಸುವುದಿಲ್ಲ. 'ಕ್ರೈಸ್ತರಲ್ಲವೇ, ಕ್ಷಮಿಸಿಬಿಡಿ' ಎಂದು ನೊಂದವರನ್ನು ಒತ್ತಾಯಿಸುವುದು ಅದಕ್ಕಿಂತ ದೊಡ್ಡ ತಪ್ಪು. ಮನೆಯೊಳಗಿನ ಹಿಂಸೆಯ ಪ್ರಕರಣಗಳಲ್ಲಂತೂ ಒಬ್ಬರು ಇನ್ನೊಬ್ಬರ ಹಿಡಿತದಲ್ಲಿರುವುದರಿಂದ ಈ ವಿಧಾನಕ್ಕೆ ತೀರಾ ಜಾಗರೂಕರಾಗಿರಬೇಕು.

ಸಂಜೆಪಾಠ
ಎಲ್ಲರಿಗೂ ಧನ್ಯವಾದ. ಗರಿಷ್ಠ ಮಿತಿಯ ಮಾತನ್ನು ಮೊದಲ ಪುಟದಲ್ಲೇ ಹಾಕುತ್ತೇನೆ. ಸಮಾಜದ ರಕ್ಷಣೆಗೆ ಮಾತ್ರ ವಚನ ಸಿಕ್ಕಿಲ್ಲ.

ಹಳೆಒಡಂಬಡಿಕೆ
ಅರಣ್ಯಕಾಂಡ 35 ನೋಡಿ. ಕೈತಪ್ಪಿ ಕೊಂದವನಿಗಾಗಿ ಆರು ಆಶ್ರಯನಗರಗಳು. ಸತ್ತವನ ಬಂಧುವಿನ ಸೇಡಿನಿಂದ ಅವನಿಗೆ ಅಲ್ಲಿ ರಕ್ಷಣೆ, ಆದರೆ ಮಹಾಯಾಜಕನು ಸಾಯುವ ತನಕ ಎಲ್ಲೆ ದಾಟುವಂತಿಲ್ಲ. ಬೇಕೆಂದೇ ಕೊಂದವನಿಗೆ ಅಲ್ಲಿ ಆಶ್ರಯವಿಲ್ಲ, 31ನೇ ವಚನದ ಪ್ರಕಾರ ಈಡು ಕೊಟ್ಟು ಬಿಡಿಸಿಕೊಳ್ಳುವಂತೆಯೂ ಇಲ್ಲ. ನಷ್ಟ ತುಂಬಿಕೊಡುವ ಖಾನೆಯಲ್ಲೂ ಇದನ್ನು ಬರೆದುಕೊಳ್ಳಿ, ಹಣವಂತನೊಬ್ಬ ಕೊಲೆಯನ್ನು ಸಾಲದಂತೆ ತೀರಿಸಿ ಹೋಗದಿರಲು ಇಟ್ಟ ತಡೆ ಅದು.