ಹ್ಯಾಂಗ್ ಔಟ್ ಸರಿ, ಹುಕ್ ಅಪ್ ಬೇಡ

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ಧಾರವಾಡದಿಂದ ಬಂದು ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಕೆಲಸದ ಇಂಗ್ಲಿಷ್ ಹೇಗೋ ನಡೆಯುತ್ತದೆ. ಊಟದ ಹೊತ್ತಿನ ಹರಟೆಯೇ ಕಷ್ಟ. ಹ್ಯಾಂಗ್ ಔಟ್, ಹುಕ್ ಅಪ್, ಹಿಟ್ ಇಟ್ ಆಫ್ ಅಂತ ಏನೇನೋ ಅನ್ನುತ್ತಾರೆ. ಹೊಸ ಗೆಳೆಯರ ಹತ್ತಿರ ಯಾವುದನ್ನು ಧೈರ್ಯವಾಗಿ ಬಳಸಲಿ?

ಉತ್ತರ (ಇಂಗ್ಲಿಷ್ ಶಿಕ್ಷಕಿ, ಕೋಥ್ರೂಡ್): ಮೊದಲು 'ಹುಕ್ ಅಪ್' ಬಿಟ್ಟುಬಿಡಿ. ಸುಮ್ನೆ ಭೇಟಿಯಾಗುವುದು ಅನ್ನುವ ಅರ್ಥವೂ ಅದಕ್ಕಿದೆ. ಆದರೆ ಈಗಿನ ಹುಡುಗರಿಗೆ ಮೊದಲು ಹೊಳೆಯುವುದು ಮೈಸಂಬಂಧ. ಸಹೋದ್ಯೋಗಿಗೆ ಹಾಗಂದರೆ ಮಾತು ಎಚ್‌ಆರ್ ತನಕ ಹೋದೀತು.

'ಹ್ಯಾಂಗ್ ಔಟ್' ನಿಶ್ಚಿಂತೆಯಾಗಿ ಬಳಸಿ. ಇಂಥದ್ದೇ ಕೆಲಸ ಅಂತಿಲ್ಲದೆ ಜೊತೆಗೆ ಹೊತ್ತು ಕಳೆಯುವುದು. ಎಫ್‌ಸಿ ರಸ್ತೆ ಸುತ್ತಿ ಕಾಫಿ ಕುಡಿದು ಬಂದಿರಾ? 'ವಿ ಹಂಗ್ ಔಟ್' ಅನ್ನಿ. 'ಹ್ಯಾಂಗ್ಡ್' ಬೇಡ, ಅದು ಗಲ್ಲಿಗೇರಿಸುವ ಮಾತು. ಇನ್ನು 'ಐ ಆಮ್ ಗೋಯಿಂಗ್ ಔಟ್ ವಿತ್ ಹರ್' ಅಂದಿರೋ, ನೀವಿಬ್ಬರೂ ಜೋಡಿ ಅಂತಲೇ ಲೆಕ್ಕ. 'ಐ ಆಸ್ಕ್ಡ್ ಹರ್ ಔಟ್' ಕೂಡ ಅದೇ ಜಾತಿ, ಪ್ರೇಮದ ಭೇಟಿಗೆ ಕರೆದೆ ಅಂತ. ಬರೀ ಚಹಾಕ್ಕೆ ಕರೆದಿದ್ದರೆ 'ಐ ಆಸ್ಕ್ಡ್ ಹರ್ ಟು ಜಾಯಿನ್ ಅಸ್ ಫಾರ್ ಟೀ' ಸಾಕು.

'ಹಿಟ್ ಇಟ್ ಆಫ್' ಅಂದರೆ ಮೊದಲ ಭೇಟಿಯಲ್ಲೇ ಮನಸ್ಸು ಕೂಡುವುದು. ನಡುವಿನ 'ಇಟ್' ಕದಲಿಸಬೇಡಿ. ಗೆಳೆಯನ ಹೆಸರು ಹೇಳಬೇಕಿದ್ದರೆ 'ಆಫ್' ಆದಮೇಲೆ 'ವಿತ್' ಸೇರಿಸಿ, ಆಮೇಲೆ ಹೆಸರು ಹೇಳಿ. ಆಮೇಲೂ ಚೆನ್ನಾಗಿ ಹೊಂದಿಕೊಂಡಿದ್ದರೆ 'ವಿ ಗೆಟ್ ಅಲಾಂಗ್'. ಬ್ರಿಟನ್ನಿನವರು 'ಗೆಟ್ ಆನ್' ಅನ್ನುವುದು ಜಾಸ್ತಿ.

ಪ್ರಶ್ನೆ: 'ಕ್ಯಾಚ್ ಅಪ್' ಹೊಸಬರಿಗೆ ಹೇಳಬಹುದಾ?

ಉತ್ತರ: ಅದು ಹಳೇ ಪರಿಚಯದವರಿಗೆ. ಭೇಟಿಯಾಗದೇ ಇದ್ದ ದಿನಗಳಲ್ಲಿ ಏನೇನಾಯಿತು ಅಂತ ಕೂತು ಮಾತಾಡುವುದು. ಧಾರವಾಡದ ಕಾಲೇಜು ಗೆಳೆಯ ಪುಣೆಗೆ ಬಂದರೆ 'ಲೆಟ್ಸ್ ಕ್ಯಾಚ್ ಅಪ್'. ಆಫೀಸಿನಲ್ಲಿ ಚಿಕ್ಕ ಮೀಟಿಂಗಿಗೂ ಇದನ್ನೇ ಅನ್ನುತ್ತಾರೆ. ಅಲ್ಲಿ ಗೆಳೆತನ ಹುಡುಕಬೇಡಿ!

ಇನ್ನೊಬ್ಬರು (ಪಿಂಪ್ರಿ): ಮೇಡಂ, ಇದೂ ಒಂದು ಹೇಳಿಬಿಡಿ. ಮಗಳು ಶಾಲೆಯಿಂದ ಅಳುತ್ತಾ ಬಂದು 'ಐ ಫೆಲ್ ಔಟ್ ವಿತ್ ಮೈ ಫ್ರೆಂಡ್' ಅಂದಳು. ಇಬ್ಬರೂ ಬಸ್ಸಿನಿಂದ ಬಿದ್ದರೋ ಏನೋ ಅಂತ ಮೊಣಕಾಲು ನೋಡಿದೆ.

ಉತ್ತರ: ಗೆಳತಿಯ ಜೊತೆ ಟೂ ಬಿಟ್ಟಿದ್ದಾಳೆ, ಅಷ್ಟೇ. ನಾಳೆಯೋ ನಾಡಿದ್ದೋ 'ವಿ ಮೇಡ್ ಅಪ್' ಅಂತ ಕುಣಿಯುತ್ತಾ ಬರುತ್ತಾಳೆ. ರಾಜಿಯಾಯಿತು ಅಂತ ಅರ್ಥ. ಆಗ ಮೇಕಪ್ ಅಂದುಕೊಂಡು ಮುಖದಲ್ಲಿ ಪೌಡರ್ ಹುಡುಕಬೇಡಿ.